ಕೀಲುನೋವಿನ ಬೇರು ಕೊಟ್ಟಿಗೆಯಲ್ಲಿ

ಹೊನ್ನಾಳಿಯ ಸೀಮೆಯು ತುಂಗಭದ್ರೆಯ ನೀರುಂಡ ಸೀಮೆ. ಶಿವಮೊಗ್ಗೆಗೂ ದಾವಣಗೆರೆಗೂ ನಡುವೆ ಇರುವ ಈ ತಾಲ್ಲೂಕು ೧೯೯೭ನೆಯ ಇಸವಿಯವರೆಗೆ ಶಿವಮೊಗ್ಗೆಯ ಜಿಲ್ಲೆಗೆ ಸೇರಿದ್ದು, ಆ ಬಳಿಕ ದಾವಣಗೆರೆಯ ಜಿಲ್ಲೆಗೆ ಸೇರಿತು. ಜಿಲ್ಲೆ ಬದಲಾದರೂ ಒಕ್ಕಲುತನದ ರೀತಿ ಬದಲಾಗಲಿಲ್ಲ. ಹಿತ್ತಿಲಲ್ಲಿ ಕೊಟ್ಟಿಗೆ, ಕೊಟ್ಟಿಗೆಯಲ್ಲಿ ಆಕಳು ಎಮ್ಮೆ, ಜಗಲಿಯ ಕಂಬಕ್ಕೆ ಕಟ್ಟಿದ ಒಂದೆರಡು ಮೇಕೆ. ಕೊಯ್ಲಾದ ಗದ್ದೆಗಳಲ್ಲಿ ಬಯಲುಸೀಮೆಯ ಕಡೆಯಿಂದ ಬಂದಿಳಿದ ಕುರಿಮಂದೆ. ದೀಪಾವಳಿ ಬಂದಿತೆಂದರೆ ಹೋರಿ ಬೆದರಿಸುವ ಹಬ್ಬ. ದನವೇ ಧನವೆಂದು ಬಾಳುವ ಇಂಥ ಸೀಮೆಗಳ ಗೃಹಸ್ಥರಿಗಾಗಿ ನಾವು ಈ ತಿಂಗಳು ಒಂದು ವಿಚಿತ್ರವಾದ ಕೀಲುಬೇನೆಯ ವಿಷಯವನ್ನು ಬರೆಯಹೊರಟಿದ್ದೇವೆ.

ಕೀಲುಬೇನೆಗೂ ಕೊಟ್ಟಿಗೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧ ಉಂಟು. ಆ ಸಂಬಂಧವನ್ನು ವೈದ್ಯನು ಕೇಳದೆ, ರೋಗಿಯು ಹೇಳದೆ ಹೋಗುವುದರಿಂದಲೇ ಎಷ್ಟೋ ಮಂದಿ ತಿಂಗಳುಗಟ್ಟಲೆ ನರಳುತ್ತಾರೆ.

ಮಾತು ತಿಳಿಯಾಗಲೆಂದು ಒಬ್ಬ ರೋಗಿಯನ್ನು ಕಲ್ಪಿಸಿಕೊಳ್ಳೋಣ. ಇವನು ಇಂಥವನೇ ಎಂದು ಬೆರಳು ಮಾಡಿ ತೋರಿಸಬಹುದಾದ ವ್ಯಕ್ತಿಯಲ್ಲ. ವೈದ್ಯರು ಬರೆದಿಟ್ಟಿರುವ ಅನೇಕ ರೋಗಿಗಳ ಕಥೆಗಳನ್ನು ಕೂಡಿಸಿ ನಾವು ಮಾಡಿಕೊಂಡ ಚಿತ್ರ. ಮೂವತ್ತರ ಪ್ರಾಯದ ಒಕ್ಕಲಿಗ, ಗಟ್ಟಿಮುಟ್ಟಾದ ಆಳು. ಹೋರಿಯ ಹಬ್ಬದಲ್ಲಿ ನೂಕುನುಗ್ಗಲಿಗೆ ಸಿಕ್ಕಿ ಒಮ್ಮೆ ಮುಗ್ಗರಿಸಿದ್ದನು. ಹದಿನೈದು ದಿನ ಕಳೆದ ಮೇಲೆ ಬಲಮೊಣಕಾಲು ಊದಿಕೊಂಡಿತು. ಬಿದ್ದ ಪೆಟ್ಟೇ ಇದಕ್ಕೆ ಕಾರಣವೆಂದು ಮನೆಯವರೆಲ್ಲರೂ ತೀರ್ಮಾನಿಸಿ ಎಣ್ಣೆ ಹಚ್ಚಿ ನೀವಿಸಿದರು. ಸಂಜೆಯಾಗುತ್ತಲೆ ಮೈ ಬಿಸಿಯಾಗುವುದು, ನಡುರಾತ್ರಿಯಲ್ಲಿ ಹೊದ್ದ ಕಂಬಳಿ ತೊಯ್ಯುವಂತೆ ಬೆವರುವುದು, ಬೆಳಗಿನಲ್ಲಿ ಜ್ವರವಿಲ್ಲದಿದ್ದರೂ ಎದ್ದು ಕೂರಲು ತ್ರಾಣವಿಲ್ಲದಿರುವುದು. ನೆರೆಯವರು ಚಿಕುನ್‌ಗುನ್ಯಾ ಎಂದರು. ೨೦೦೬ರ ಸುಮಾರಿನಲ್ಲಿ ಆ ಪಿಡುಗು ಕನ್ನಡನಾಡನ್ನೆಲ್ಲ ಹಣ್ಣುಮಾಡಿ ಹೋದಂದಿನಿಂದ ಹಳ್ಳಿಗಳಲ್ಲಿ ಯಾರ ಕೀಲು ನೊಂದರೂ ಅದೇ ಹೆಸರು. ಔಷಧದ ಅಂಗಡಿಯ ಗುಳಿಗೆಗಳಿಂದ ನೋವು ಎರಡು ತಾಸು ತಗ್ಗಿತು. ಯಾರೋ ಒಬ್ಬರು ಕೊಟ್ಟ ಸೂಜಿಮದ್ದಿನಿಂದ ಎಂಟು ದಿನ ಹಾಯೆನಿಸಿ, ಒಂಬತ್ತನೆಯ ದಿನ ಇಮ್ಮಡಿಯಾಗಿ ತಿರುಗಿ ಬಂದಿತು. ಆ ಮೇಲೆ ಸೊಂಟದ ಹಿಂಭಾಗದಲ್ಲಿ ಒಂದು ಪಕ್ಕ ಹಿಡಿದುಕೊಂಡು, ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದೂ ಕಷ್ಟವಾಯಿತು. ಪಟ್ಟಣಕ್ಕೆ ಹೋಗಿ ಕ್ಷಕಿರಣದ ಚಿತ್ರ ತೆಗೆಸಿದರೆ ಎಲುಬೆಲ್ಲ ನೆಟ್ಟಗಿದೆ ಎಂದರು. ಸಂಧಿವಾತದ ರಕ್ತಪರೀಕ್ಷೆಯೂ ಏನನ್ನೂ ತೋರಿಸಲಿಲ್ಲ.

ಎರಡು ತಿಂಗಳಾಗುವ ಹೊತ್ತಿಗೆ ಮನೆಯಲ್ಲಿ ಮಾತು ಬೇರೆಯಾಯಿತು. “ಹಗಲೆಲ್ಲ ಚೆನ್ನಾಗೇ ಇರ್ತಾನೆ, ಗದ್ದೆಗೆ ಹೋಗು ಅಂದ್ರೆ ಕಾಲು ನೋವು” ಎಂದು ಹೆತ್ತ ತಾಯಿಯೇ ಗೊಣಗುವಂತಾಯಿತು. ಈ ರೋಗದ ಅತ್ಯಂತ ಕ್ರೂರವಾದ ಲಕ್ಷಣ ಇದೇ ಎಂದು ನಮಗೆ ತೋರುತ್ತದೆ. ಕಾಲು ಮುರಿದವನನ್ನು ಲೋಕವು ನಂಬುವುದು. ಬೆಳಗ್ಗೆ ಜ್ವರವಿಲ್ಲದೆ ಸಂಜೆ ನರಳುವವನನ್ನು ಸೋಮಾರಿ ಎನ್ನುವುದು.

ಕಡೆಗೆ ಒಬ್ಬ ಡಾಕ್ಟರರು ಮೊಣಕಾಲನ್ನು ಮುಟ್ಟುವುದಕ್ಕೆ ಮೊದಲೇ ಕೇಳಿದರು: “ಮನೇಲಿ ದನಕರು ಇದಾವೇನಪ್ಪಾ? ಈಚೆಗೆ ಯಾವುದಾದ್ರೂ ಕಂದು ಹಾಕಿತ್ತಾ?” ಇವನಿಗೆ ಆಶ್ಚರ್ಯವಾಯಿತು. “ಹೌದು ಸಾರ್, ಮಾರ್ನೌಮಿ ಹೊತ್ತಿಗೆ ಒಂದು ಆಕಳು ಏಳು ತಿಂಗಳಿಗೇ ಕಂದು ಹಾಕ್ತು. ಕಸ ಬೀಳ್ಲಿಲ್ಲ. ನಾನೇ ಕೈ ಹಾಕಿ ತೆಗೆದೆ.”

ರೋಗದ ಹೆಸರು ಅರ್ಧಕ್ಕಿಂತ ಹೆಚ್ಚಾಗಿ ಆ ಒಂದು ಉತ್ತರದಲ್ಲಿಯೇ ಹೊರಬಿದ್ದಿತು.

ವೈದ್ಯರು ಇದನ್ನು ಬ್ರೂಸೆಲ್ಲೋಸಿಸ್ ಎನ್ನುವರು. ಪಶುವೈದ್ಯರು ದನಗಳಲ್ಲಿ ಇದಕ್ಕೆ ಕಂದು ರೋಗವೆಂದು ಹೆಸರಿಟ್ಟಿದ್ದಾರೆ. ಗಬ್ಬವಾದ ಆಕಳು ಐದರಿಂದ ಒಂಬತ್ತನೆಯ ತಿಂಗಳೊಳಗೆ ಕಂದು ಹಾಕುವುದೇ ಇದರ ಮುಖ್ಯ ಚಿಹ್ನೆಯಾದುದರಿಂದ ಈ ಹೆಸರು ಬಹಳ ಒಪ್ಪುವುದು. ಇದಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಮೊದಲು ಕಂಡವನು ಡೇವಿಡ್ ಬ್ರೂಸ್ ಎಂಬ ಸೇನಾವೈದ್ಯನು. ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿ ಬ್ರಿಟಿಷ್ ಸಿಪಾಯಿಗಳು ಏರಿಳಿಯುವ ಜ್ವರದಿಂದಲೂ ಕೀಲುನೋವಿನಿಂದಲೂ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗುತ್ತಿದ್ದರು. ಸತ್ತವರ ಗುಲ್ಮದಿಂದ ಬ್ರೂಸನು ೧೮೮೭ರಲ್ಲಿ ಈ ಜೀವಿಯನ್ನು ಬೇರ್ಪಡಿಸಿದನು. ಆದರೆ ಅದು ಎಲ್ಲಿಂದ ಬರುವುದೆಂಬುದು ಹದಿನೆಂಟು ವರ್ಷ ಗೊತ್ತಾಗಲಿಲ್ಲ. ೧೯೦೫ರಲ್ಲಿ ಥೆಮಿಸ್ಟೋಕ್ಲೀಸ್ ಝಮ್ಮಿತ್ ಎಂಬ ಮಾಲ್ಟಾದ ವೈದ್ಯನು ಮೇಕೆಗಳ ರಕ್ತವನ್ನು ಪರೀಕ್ಷಿಸಿ, ನೋಡುವುದಕ್ಕೆ ಆರೋಗ್ಯವಾಗಿಯೇ ಇದ್ದ ಮೇಕೆಗಳಲ್ಲಿ ಇದು ಅಡಗಿರುವುದನ್ನು ತೋರಿಸಿದನು. ರೋಗಿಗಳಿಗೆ ಪುಷ್ಟಿಗೆಂದು ಆಸ್ಪತ್ರೆಯಲ್ಲಿ ಕೊಡುತ್ತಿದ್ದ ಹಸಿಹಾಲೇ ರೋಗವನ್ನು ಹಂಚುತ್ತಿತ್ತು! ಮರುವರ್ಷ ಸೈನ್ಯದಲ್ಲಿ ಮೇಕೆಯ ಹಾಲನ್ನು ನಿಲ್ಲಿಸಿದ ಕೂಡಲೆ ಸಿಪಾಯಿಗಳಲ್ಲಿ ಆ ಜ್ವರವು ಇಳಿದುಹೋಯಿತು.

ದನಗಳಲ್ಲಿ ಕಂದು ಹಾಕಿಸುವ ಕ್ರಿಮಿಯನ್ನು ಡೆನ್ಮಾರ್ಕಿನ ಬ್ಯಾಂಗ್ ಎಂಬುವನು ೧೮೯೭ರಲ್ಲಿ ಪ್ರತ್ಯೇಕವಾಗಿ ಕಂಡುಹಿಡಿದಿದ್ದನು. ಮಾಲ್ಟಾದ ಮೇಕೆಯ ಕ್ರಿಮಿಯೂ ಡೆನ್ಮಾರ್ಕಿನ ಆಕಳ ಕ್ರಿಮಿಯೂ ಹತ್ತಿರದ ನಂಟರೆಂದು ೧೯೧೮ರಲ್ಲಿ ಪ್ರಕಟಿಸಿದವರು ಆಲಿಸ್ ಇವಾನ್ಸ್ ಎಂಬ ಅಮೆರಿಕೆಯ ಮಹಿಳೆ. ಹಾಲನ್ನು ಕಾಯಿಸಿಯೇ ಮಾರಬೇಕೆಂದು ಈಕೆ ಹೇಳಿದುದನ್ನು ದೊಡ್ಡ ದೊಡ್ಡ ವಿದ್ವಾಂಸರು ಒಪ್ಪಲಿಲ್ಲ. ೧೯೨೨ರಲ್ಲಿ ಪ್ರಯೋಗಶಾಲೆಯಲ್ಲಿಯೇ ಈಕೆಗೆ ರೋಗ ತಗುಲಿ, ಜ್ವರವೂ ನೋವೂ ಬಿಟ್ಟು ಬಿಟ್ಟು ಇಪ್ಪತ್ತು ವರ್ಷಗಳ ಕಾಲ ಕಾಡಿದುವು. ಆಗ ಕೆಲವು ವೈದ್ಯರು ಇದು ದೇಹದ ರೋಗವಲ್ಲ, ನರಗಳ ದೌರ್ಬಲ್ಯ ಎಂದುಬಿಟ್ಟರಂತೆ. ಕ್ರಿಮಿಯನ್ನು ಲೋಕಕ್ಕೆ ಪರಿಚಯಿಸಿದ ಪಂಡಿತೆಯನ್ನೇ ನಂಬದವರು ನಮ್ಮ ಒಕ್ಕಲಿಗನನ್ನು ನಂಬದಿದ್ದರೆ ಆಶ್ಚರ್ಯವೇನು?

ಈ ಕ್ರಿಮಿಯು ಮನುಷ್ಯನ ಮೈಯನ್ನು ಸೇರುವ ದಾರಿಗಳನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಏಕೆಂದರೆ ಅವೆಲ್ಲವೂ ನಮ್ಮ ನಿತ್ಯದ ಕೆಲಸಗಳೇ ಆಗಿವೆ. ಕಂದು ಹಾಕಿದ ದನದ ಮಾಸಿನಲ್ಲಿಯೂ ನೆತ್ತರಿನಲ್ಲಿಯೂ ಇದು ಕೋಟಿಕೋಟಿಯಾಗಿ ತುಂಬಿರುವುದು. ಮನುಷ್ಯನಿಗೆ ರೋಗ ಹತ್ತುವುದಕ್ಕೆ ಅದರಲ್ಲಿ ಹತ್ತಾರು ಸಾಕು. ಹುಲ್ಲು ಕೊಯ್ದು ತರಚಿದ ಕೈಗಳಿಂದ ಮಾಸನ್ನು ಎಳೆಯುವವನಿಗೂ, ಅದೇ ಕೈಯಿಂದ ಕಣ್ಣೊರಸಿಕೊಳ್ಳುವವನಿಗೂ, ಆ ಜಾಗವನ್ನು ಬರಿಗೈಯಿಂದ ಬಳಿದು ಗುಡಿಸುವ ಹೆಂಗಸಿಗೂ ಇದು ತಗುಲಬಹುದು. ಕುರಿಗಾಹಿಯು ಹೊಲದ ನಡುವೆ ರಾತ್ರಿಯಲ್ಲಿ ಕುರಿಗೆ ಹೆರಿಗೆ ಮಾಡಿಸಿ, ಉಸಿರಾಡದ ಮರಿಯ ಮೂಗಿಗೆ ಬಾಯಿಟ್ಟು ಊದಿ ಬದುಕಿಸುವುದುಂಟು. ಪ್ರೀತಿಯ ಆ ಕೆಲಸವೇ ರೋಗಕ್ಕೆ ಬಾಗಿಲಾಗುವುದು. ಕೊಟ್ಟಿಗೆಯನ್ನು ಗುಡಿಸುವಾಗ ಏಳುವ ದೂಳು ಮೂಗಿಗೆ ಹೋದರೂ ಸಾಕು. ಬಿಸಿಲಿಗೆ ಈ ಕ್ರಿಮಿಯು ಬೇಗ ಸಾಯುವುದಾದರೂ, ನೆರಳಿನ ಒದ್ದೆ ನೆಲದಲ್ಲಿ ವಾರಗಟ್ಟಲೆ ಜೀವಿಸಿರುವುದು.

ಇನ್ನು ಹಾಲು. ಕೆಚ್ಚಲಿನಿಂದ ಆಗತಾನೆ ಕರೆದ ನೊರೆಹಾಲು ಗರಡಿಯ ಹುಡುಗರಿಗೆ ಬಲವೆಂದೂ, ಮೇಕೆಯ ಹಸಿಹಾಲು ಮಕ್ಕಳಿಗೆ ಒಳ್ಳೆಯದೆಂದೂ ಹಿರಿಯರು ಹೇಳುತ್ತಿದ್ದರು. ಹಿರಿಯರ ಮಾತುಗಳಲ್ಲಿ ನಮಗೆ ಗೌರವ ಉಂಟು. ಆದರೆ ಈ ಒಂದು ಮಾತನ್ನು ಬಿಡಲೇಬೇಕು. ಹಾಲನ್ನು ಒಂದು ಉಕ್ಕು ಬರುವಂತೆ ಕಾಯಿಸಿದರೆ ಕ್ರಿಮಿ ಉಳಿಯುವುದಿಲ್ಲ. ಕಾಯಿಸಿದ ಹಾಲಿಗೆ ಹೆಪ್ಪು ಹಾಕಿದ ಮೊಸರಿಗೂ ಮಜ್ಜಿಗೆಗೂ ಹೆದರಬೇಕಾಗಿಲ್ಲ. ಚೆನ್ನಾಗಿ ಬೇಯಿಸಿದ ಗಿಣ್ಣಿಗೂ ಹೆದರಬೇಕಾಗಿಲ್ಲ. ನಮ್ಮ ಕನ್ನಡದ ಗೃಹಿಣಿಯರು ಹಾಲನ್ನು ಕಾಯಿಸದೆ ಬಳಸುವುದು ಅಪರೂಪವಾದುದರಿಂದಲೇ ನಮ್ಮ ಊರುಗಳು ಮಾಲ್ಟಾ ದ್ವೀಪದಂತೆ ಆಗಲಿಲ್ಲವೆಂದು ಹೇಳಬಹುದು. ಮನುಷ್ಯರಿಂದ ಮನುಷ್ಯರಿಗೆ ಈ ರೋಗ ಹರಡುವುದು ಬಹು ವಿರಳ. ಆದುದರಿಂದ ರೋಗಿಯ ತಟ್ಟೆ ಲೋಟಗಳನ್ನು ಬೇರೆಯಿಡುವ ಅಗತ್ಯವಿಲ್ಲ.

ರಕ್ತದೊಳಕ್ಕೆ ಹೊಕ್ಕ ಕ್ರಿಮಿಯು ಮಾಡುವ ಚಾತುರ್ಯವನ್ನು ಕೇಳಿದರೆ ಬೆರಗಾಗುವುದು. ನಮ್ಮ ದೇಹದಲ್ಲಿ ಕ್ರಿಮಿಗಳನ್ನು ನುಂಗಿ ನಾಶಮಾಡುವ ಕಾವಲು ಕಣಗಳಿವೆ. ಇದು ಆ ಕಣಗಳಿಂದ ನುಂಗಿಸಿಕೊಂಡು, ಸಾಯದೆ ಅವುಗಳೊಳಗೇ ಮನೆಮಾಡುವುದು. ಪೋಲೀಸು ಠಾಣೆಯಲ್ಲಿಯೇ ಕಳ್ಳನು ಬಿಡಾರ ಹೂಡಿದಂತೆ! ಅಲ್ಲಿಂದ ಗುಲ್ಮ, ಯಕೃತ್ತು, ಎಲುಬಿನ ಮಜ್ಜೆ, ಇವುಗಳನ್ನು ಸೇರುವುದು. ಬಂದ ಎರಡು ನಾಲ್ಕು ವಾರಗಳಿಗೆ, ಕೆಲವೊಮ್ಮೆ ಕೆಲವು ತಿಂಗಳುಗಳಿಗೆ, ಜ್ವರ ಕಾಣಿಸುವುದು. ಮುಂದೆ ಬರುವ ಉಪದ್ರವಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಎಲುಬು ಕೀಲುಗಳ ಬೇನೆಯೇ. ಪ್ರಾಯದವರಲ್ಲಿ ಸಾಮಾನ್ಯವಾಗಿ ಮೊಣಕಾಲು, ತೊಡೆಯ ಸಂದು, ಹರಡು, ಮತ್ತು ಬೆನ್ನೆಲುಬು ಸೊಂಟದ ಎಲುಬಿಗೆ ಕೂಡುವ ಕೀಲು. ವಯಸ್ಸಾದವರಲ್ಲಿ ಬೆನ್ನೆಲುಬಿನ ಕೆಳಗಣ ಮಣಿಗಳು. ಗಂಡಸರಿಗೆ ವೃಷಣದ ಊತವೂ ಬರುವುದುಂಟು; ನಾಚಿಕೆಯಿಂದ ಅದನ್ನು ಡಾಕ್ಟರರಿಗೆ ಹೇಳದೆ ಬಿಡುವವರೇ ಹೆಚ್ಚು. ಈ ರೋಗದಿಂದ ಸಾಯುವವರು ಬಹಳ ಕಡಮೆ. ಸಾಯುವವರಲ್ಲಿ ಹೆಚ್ಚಿನವರು ಹೃದಯದ ಕವಾಟಗಳಿಗೆ ಕ್ರಿಮಿ ಹತ್ತಿದವರು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದಕ್ಕೆ ಹೋಗಕೂಡದು. ಕೀಲಿಗೆ ಕ್ರಿಮಿ ಹತ್ತುವುದರಲ್ಲಿ ಇನ್ನೊಂದು ಬಗೆ ಉಂಟು. ಕೀವು ಕುರುಗಳನ್ನು ಮಾಡುವ ಸಾಮಾನ್ಯ ಕ್ರಿಮಿಯು ಕೀಲನ್ನು ಹೊಕ್ಕಾಗ, ಒಂದೆರಡು ದಿನಗಳಲ್ಲಿಯೇ ಕೀಲು ಕೆಂಡದಂತೆ ಬಿಸಿಯಾಗಿ ಊದಿ, ಕಾಲನ್ನು ಕೂದಲೆಳೆಯಷ್ಟೂ ಅಲುಗಿಸಲಾಗದಂತೆ ನೋವಾಗಿ, ಜ್ವರ ಬರುವುದು. ಅದು ವಾರ ಕಾಯುವ ರೋಗವಲ್ಲ, ಅದೇ ದಿನ ಆಸ್ಪತ್ರೆಗೆ ಒಯ್ಯಬೇಕಾದುದು. ಕೀವನ್ನು ತೆಗೆಯದಿದ್ದರೆ ಕೆಲವೇ ದಿನಗಳಲ್ಲಿ ಕೀಲಿನ ಮೆದುವಾದ ಎಲುಬು ಕರಗಿ ಜೀವಮಾನವೆಲ್ಲ ಕುಂಟುವಂತಾಗುವುದು. ಪುಟ್ಟ ಮಕ್ಕಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಕಂದು ರೋಗದ ಕೀಲಾದರೋ ಮೆಲ್ಲಗೆ ಊದುವುದು, ಮಧ್ಯಮವಾಗಿ ನೋಯುವುದು, ನಡೆದಾಡಲು ಬಿಡುವುದು. ಅದರಿಂದಲೇ ಅದನ್ನು ಜನರು ಸಹಿಸಿಕೊಂಡು ಕಾಲ ಕಳೆಯುವರು.

ಹಾಗಾದರೆ ನಿಶ್ಚಯ ಮಾಡುವುದು ಹೇಗೆ? ಕೀಲಿನಿಂದ ಸೂಜಿಯ ಮೂಲಕ ನೀರು ತೆಗೆದು ನೋಡಿದರೆ ಅದು ಗಟ್ಟಿಯಾದ ಕೀವಿನಂತಿರದೆ ತಕ್ಕಮಟ್ಟಿಗೆ ತಿಳಿಯಾಗಿರಬಹುದು. ಕ್ಷಕಿರಣದ ಚಿತ್ರದಲ್ಲಿ ಮೊದಲ ಕೆಲವು ವಾರಗಳಲ್ಲಿ ಏನೂ ಕಾಣದಿರಬಹುದು; ಎಂ.ಆರ್.ಐ. ಚಿತ್ರದಲ್ಲಿ ಬೇಗ ಕಾಣುವುದು. ಆದರೆ ಇವೆಲ್ಲ ಸುಳಿವುಗಳು ಮಾತ್ರ. ಕ್ಷಯದ ಕೀಲೂ ಹೀಗೆಯೇ ಮೆಲ್ಲಗೆ ಕೆಡುವುದು. ಬೆನ್ನೆಲುಬಿನ ಕ್ಷಯಕ್ಕೂ ಕಂದು ರೋಗಕ್ಕೂ ಇರುವ ಹೋಲಿಕೆಯಂತೂ ನುರಿತ ವೈದ್ಯರನ್ನೂ ಮೋಸಗೊಳಿಸುವುದು. ಕ್ಷಯಕ್ಕೆ ಕೊಡುವ ಔಷಧಗಳಲ್ಲಿ ಒಂದೆರಡು ಕಂದು ರೋಗದ ಕ್ರಿಮಿಗೂ ಸ್ವಲ್ಪ ತಾಗುವುವಾದುದರಿಂದ, ರೋಗಿಯು ಚೇತರಿಸಿಕೊಂಡಂತೆ ಕಂಡು ತಪ್ಪು ನಿರ್ಣಯವೇ ಸ್ಥಿರವಾಗುವುದೂ ಉಂಟು. ಸಂಜೆಯ ಜ್ವರವನ್ನು ವಿಷಮಶೀತಜ್ವರವೆಂದು ಎಣಿಸಿ ಚಿಕಿತ್ಸೆ ಮಾಡುವುದು ಇನ್ನೊಂದು ತಪ್ಪು.

ಖಚಿತವಾದ ಸಾಕ್ಷಿಯೆಂದರೆ ರಕ್ತದಲ್ಲಿಯೋ ಕೀಲಿನ ನೀರಿನಲ್ಲಿಯೋ ಮಜ್ಜೆಯಲ್ಲಿಯೋ ಕ್ರಿಮಿಯನ್ನು ಬೆಳೆಯಿಸಿ ತೋರಿಸುವುದು. ಇದು ಬಹಳ ನಿಧಾನವಾಗಿ ಬೆಳೆಯುವ ಜೀವಿ. ಬೇರೆ ಕ್ರಿಮಿಗಳಿಗೆ ನಾಲ್ಕೈದು ದಿನ ಸಾಕಾದರೆ, ಹಳೆಯ ಪದ್ಧತಿಯ ಸೀಸೆಗಳಲ್ಲಿ ಇದಕ್ಕಾಗಿ ನಾಲ್ಕು ವಾರಗಳವರೆಗೆ ಕಾಯಬೇಕು. ಹೊಸ ಯಂತ್ರಗಳಲ್ಲಿ ಇದಕ್ಕಿಂತ ಬೇಗ ತಿಳಿಯುವುದು. ಕಂದು ರೋಗದ ಸಂಶಯವಿದೆಯೆಂದು ಡಾಕ್ಟರರು ಚೀಟಿಯಲ್ಲಿ ಬರೆಯದಿದ್ದರೆ ಪ್ರಯೋಗಶಾಲೆಯವರು ಸೀಸೆಯನ್ನು ಐದನೆಯ ದಿನಕ್ಕೆ ಎಸೆದುಬಿಡಬಹುದು. ಬರೆಯದಿರುವುದರಲ್ಲಿ ಇನ್ನೊಂದು ಅಪಾಯವೂ ಇದೆ. ಸೀಸೆಯ ಮುಚ್ಚಳ ತೆಗೆದು ಕೆಲಸ ಮಾಡುವವರಿಗೇ ಈ ರೋಗ ಗಾಳಿಯ ಮೂಲಕ ಹತ್ತುವುದು. ಪ್ರಯೋಗಶಾಲೆಗಳಲ್ಲಿ ಕೆಲಸಗಾರರಿಗೆ ತಗಲುವ ಕ್ರಿಮಿರೋಗಗಳಲ್ಲಿ ಇದು ಹೆಸರಾದುದು. ಅಂತೂ ಕೊಟ್ಟಿಗೆಯ ಸಂಗತಿ ಚೀಟಿಗೆ ಏರಲೇಬೇಕು.

ಬೇಗ ತಿಳಿಯುವ ಪರೀಕ್ಷೆಯೂ ಉಂಟು. ಸತ್ತ ಕ್ರಿಮಿಗಳಿಗೆ ರೋಸ್ ಬೆಂಗಾಲ್ ಎಂಬ ಗುಲಾಬಿಯ ಬಣ್ಣವನ್ನು ಕಟ್ಟಿಸಿ ಇಟ್ಟಿರುತ್ತಾರೆ. ಅದರ ಒಂದು ಹನಿಗೆ ರೋಗಿಯ ರಕ್ತದ ತಿಳಿಯನ್ನು ಒಂದು ಹನಿ ಸೇರಿಸಿ ಅಲುಗಿಸಿದರೆ, ರೋಗವಿದ್ದಲ್ಲಿ ನಾಲ್ಕು ನಿಮಿಷದೊಳಗೆ ಬಣ್ಣವು ಒಡೆದ ಹಾಲಿನಂತೆ ಕಣಕಣವಾಗಿ ಕೂಡಿಕೊಳ್ಳುವುದು. ಇದರ ಖರ್ಚು ಅಲ್ಪ. ಇದು ಹೌದೆಂದರೆ, ೧೮೯೭ರಲ್ಲಿ ರೈಟ್ ಎಂಬುವನು ಆರಂಭಿಸಿದ ನಳಿಗೆಯ ಪರೀಕ್ಷೆಯನ್ನು ಮಾಡುವರು. ರಕ್ತದ ತಿಳಿಗೆ ನೀರು ಬೆರೆಸುತ್ತ ಹೋಗಿ, ಒಂದಕ್ಕೆ ನೂರರುವತ್ತು ಪಾಲು ತೆಳುವಾದ ಮೇಲೂ ಕ್ರಿಮಿಗಳನ್ನು ಅದು ಕೂಡಿಸುವುದಾದರೆ ಸಂಶಯವು ಬಲವಾಗುವುದು. ಇಲ್ಲಿಯೂ ಒಂದು ತೊಡಕಿದೆ. ಜೀವಮಾನವೆಲ್ಲ ಕುರಿಗಳ ನಡುವೆ ಇದ್ದವನ ರಕ್ತದಲ್ಲಿ ಹಿಂದೆ ಎಂದೋ ಬಂದುಹೋದ ಸೋಂಕಿನ ಗುರುತು ಉಳಿದಿರಬಹುದು. ಆದುದರಿಂದ ಕಾಗದದ ಮೇಲಿನ ಅಂಕೆಯನ್ನು ಮಾತ್ರ ನೋಡದೆ, ರೋಗಿಯ ಜ್ವರ, ಬೆವರು, ಕೀಲು, ಕೊಟ್ಟಿಗೆ ಎಲ್ಲವನ್ನೂ ಸೇರಿಸಿ ತೂಗಬೇಕು.

ಈ ರೋಗವನ್ನು ಹುಡುಕಿದರೆ ಸಿಕ್ಕುವುದೆಂಬುದಕ್ಕೆ ಕನ್ನಡನಾಡಿನಲ್ಲಿಯೇ ಒಳ್ಳೆಯ ನಿದರ್ಶನವಿದೆ. ಈಗ ವಿಜಯಪುರವೆನಿಸಿಕೊಳ್ಳುವ ಬಿಜಾಪುರದಲ್ಲಿ ವೈದ್ಯಕೀಯ ಕಾಲೇಜಿನ ಸೂಕ್ಷ್ಮಜೀವಿ ಶಾಸ್ತ್ರಜ್ಞರಾದ ಬಿ. ಜಿ. ಮಂಟೂರರೂ ಅವರ ಸಂಗಡಿಗರೂ ಈ ರೋಗವನ್ನು ಅನೇಕ ವರ್ಷ ಬೆನ್ನಟ್ಟಿದರು. ಮಕ್ಕಳ ೫,೭೨೬ ರಕ್ತದ ಮಾದರಿಗಳನ್ನು ಪರೀಕ್ಷಿಸಿ ೯೩ ಮಕ್ಕಳಲ್ಲಿ ಕಂದು ರೋಗವನ್ನು ಕಂಡರೆಂದು ೨೦೦೪ರಲ್ಲಿ ಪ್ರಕಟಿಸಿದರು. ೨೦೦೬ರಲ್ಲಿ ಹೊರಬಂದ ಇನ್ನೊಂದು ಲೇಖನದಲ್ಲಿ, ಹದಿನಾರು ವರ್ಷಗಳಲ್ಲಿ ಗೊತ್ತಾದ ೪೯೫ ಮಂದಿ ದೊಡ್ಡವರ ವೃತ್ತಾಂತವಿದೆ. ಜ್ವರ, ಕೀಲುನೋವು, ಸೊಂಟನೋವು, ಇವೇ ಅವರ ದೂರುಗಳು. ನೂರಕ್ಕೆ ಒಬ್ಬರೋ ಇಬ್ಬರೋ ಆದರೇನು? ಬೇರೆ ಜಿಲ್ಲೆಗಳಲ್ಲಿಯೂ ಅದೇ ಕುರಿ, ಅದೇ ಮೇಕೆ, ಅದೇ ಆಕಳು ಇವೆ. ಹುಡುಕದ ಊರುಗಳಲ್ಲಿ ರೋಗವಿಲ್ಲವೆಂದು ನಾವು ನಂಬಲಾರೆವು.

ಇನ್ನು ಚಿಕಿತ್ಸೆ. ಕಳ್ಳನು ಠಾಣೆಯೊಳಗೇ ಇರುವನೆಂದೆವಷ್ಟೆ. ಆದುದರಿಂದ ಒಂದೇ ಔಷಧದಿಂದ ಕೆಲಸವಾಗದು, ಹತ್ತು ದಿನಗಳಿಂದಲೂ ಆಗದು. ಡಾಕ್ಸಿಸೈಕ್ಲಿನ್ ಎಂಬ ಗುಳಿಗೆಯನ್ನು ದಿನಕ್ಕೆ ಎರಡಾವೃತ್ತಿ ೬ ವಾರ ಕೊಟ್ಟು, ಅದರ ಜೊತೆಗೆ ಸ್ಟ್ರೆಪ್ಟೊಮೈಸಿನ್ ಸೂಜಿಮದ್ದನ್ನು ೨ರಿಂದ ೩ ವಾರಗಳವರೆಗೆ ದಿನವೂ ಹಾಕುವುದು ಹಳೆಯದೂ ಬಲವಾದುದೂ ಆದ ಕ್ರಮ. ಸೂಜಿ ಬೇಡವೆಂದರೆ ರಿಫಾಂಪಿಸಿನ್ ಗುಳಿಗೆಯನ್ನು ಅದೇ ೬ ವಾರ ಕೊಡುವರು. ಬೆನ್ನೆಲುಬಿಗೆ ಹತ್ತಿದ್ದರೆ ೩ ತಿಂಗಳು, ಒಮ್ಮೊಮ್ಮೆ ಅದಕ್ಕಿಂತಲೂ ಹೆಚ್ಚು ಕಾಲ ಬೇಕು. ಕೀಲನ್ನು ಕೊಯ್ಯುವ ಪ್ರಸಂಗ ಬರುವುದು ಅಪರೂಪ. ಡಾಕ್ಸಿಸೈಕ್ಲಿನ್ ಬಸುರಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಸಲ್ಲದಾದುದರಿಂದ ಅವರಿಗೆ ಬೇರೆ ಔಷಧಗಳ ಜೋಡಿಯನ್ನು ಡಾಕ್ಟರರು ಆರಿಸುವರು. ಇವುಗಳಲ್ಲಿ ಯಾವುದನ್ನೂ ಅಂಗಡಿಯಿಂದ ತಾನೇ ಕೊಂಡು ನುಂಗಬಾರದು.

ಮನೆಯವರು ತಿಳಿದಿರಬೇಕಾದ ಸಣ್ಣ ಸಂಗತಿಗಳು ಕೆಲವು ಇವೆ. ಇವುಗಳನ್ನು ಅರಿಯದೆ ಹೆದರಿ ಔಷಧವನ್ನು ಬಿಟ್ಟವರಿದ್ದಾರೆ. ರಿಫಾಂಪಿಸಿನ್ ನುಂಗಿದವನ ಮೂತ್ರ, ಬೆವರು, ಕಣ್ಣೀರುಗಳು ಕೆಂಪು ಬೆರೆತ ಕಿತ್ತಳೆಯ ಬಣ್ಣವಾಗುವುವು. ಅದು ರಕ್ತವಲ್ಲ, ಔಷಧದ ಬಣ್ಣ. ಡಾಕ್ಸಿಸೈಕ್ಲಿನ್ ಗುಳಿಗೆಯನ್ನು ಕುಳಿತುಕೊಂಡು ಒಂದು ದೊಡ್ಡ ಲೋಟ ನೀರಿನೊಡನೆ ನುಂಗಬೇಕು. ಮಲಗಿದಲ್ಲಿಯೇ ಒಣಗಂಟಲಿಗೆ ಹಾಕಿಕೊಂಡರೆ ಅನ್ನನಾಳದಲ್ಲಿ ಹುಣ್ಣಾಗುವುದು. ಆ ದಿನಗಳಲ್ಲಿ ಬಿಸಿಲಿಗೆ ಮೈ ಬೇಗ ಸುಡುವುದರಿಂದ ಗದ್ದೆಯ ಕೆಲಸಕ್ಕೆ ತಲೆಗೂ ತೋಳಿಗೂ ಬಟ್ಟೆಯಿರಲಿ. ಸ್ಟ್ರೆಪ್ಟೊಮೈಸಿನ್ ಹಾಕಿಸಿಕೊಳ್ಳುವಾಗ ಕಿವಿಯಲ್ಲಿ ಗುಂಯ್‌ಗುಟ್ಟಿದರೆ, ಇಲ್ಲವೆ ತಲೆ ತಿರುಗಿದರೆ ಅದೇ ದಿನ ಡಾಕ್ಟರರಿಗೆ ಹೇಳಬೇಕು.

ನಮ್ಮ ಒಕ್ಕಲಿಗನ ಕಥೆಗೆ ಮರಳೋಣ. ಔಷಧ ಮೊದಲಾದ ಒಂದು ವಾರಕ್ಕೆ ಜ್ವರ ಬಿಟ್ಟಿತು. ಮೂರು ವಾರಕ್ಕೆ ಮೊಣಕಾಲಿನ ಊತ ಇಳಿಯಿತು. ಊಟ ಸೇರಿತು, ಗದ್ದೆಗೂ ಹೋದನು. ಅಪಾಯದ ಗಳಿಗೆ ಬಂದುದು ಈಗ. “ಗುಣವಾಯ್ತಲ್ಲ, ಇನ್ನೂ ಯಾಕೆ ಗುಳಿಗೆ? ದುಡ್ಡೂ ದಂಡ, ಹೊಟ್ಟೇನೂ ಕೆಡ್ತದೆ” ಎಂದು ಮನಸ್ಸು ಹೇಳುವುದು, ನಂಟರೂ ಹೇಳುವರು. ಕಣಗಳ ಒಳಗೆ ಅಡಗಿರುವ ಕ್ರಿಮಿಗಳು ಆಗ ಇನ್ನೂ ಸತ್ತಿರುವುದಿಲ್ಲ. ಅರ್ಧಕ್ಕೆ ಬಿಟ್ಟವನಿಗೆ ನಾಲ್ಕಾರು ತಿಂಗಳಲ್ಲಿ ಬೇನೆ ಮರುಕಳಿಸುವುದು. ಪೂರ್ಣ ಚಿಕಿತ್ಸೆ ಪಡೆದವರಲ್ಲಿಯೂ ನೂರಕ್ಕೆ ಕೆಲವರಿಗೆ ಮರುಕಳಿಸುವುದೆಂದ ಮೇಲೆ ಅರ್ಧ ಬಿಟ್ಟವರ ಪಾಡೇನು? ಗೋಡೆಯ ಕ್ಯಾಲೆಂಡರಿನಲ್ಲಿ ನಲವತ್ತೆರಡು ಮನೆಗಳಿಗೆ ಗುರುತು ಹಾಕಿ, ಪ್ರತಿರಾತ್ರಿಯೂ ಒಂದೊಂದನ್ನು ಅಳಿಸುತ್ತ ಬರುವ ಹೆಂಡತಿಯಿರುವ ಮನೆಯಲ್ಲಿ ಈ ರೋಗವು ನಿಲ್ಲುವುದು ಕಷ್ಟ. ಮೊದಲು ಎಂಟು ದಿನ ಸುಖಕೊಟ್ಟ ಆ ಸೂಜಿಮದ್ದಿನ ವಿಷಯವಾಗಿಯೂ ಒಂದು ಮಾತು: ಸ್ಟಿರಾಯ್ಡ್ ಎಂಬ ಔಷಧಗಳು ಊತವನ್ನು ಅಡಗಿಸಿ ಕ್ರಿಮಿಗೆ ಮೈಯನ್ನು ಒಪ್ಪಿಸುವುವು. ಹೆಸರು ಗೊತ್ತಿಲ್ಲದ ಸೂಜಿಯನ್ನು ನೋವಿಗೆಂದು ಚುಚ್ಚಿಸಿಕೊಳ್ಳಬಾರದು.

ಕರಾವಳಿಯ ವಾಚಕರು ನಮ್ಮನ್ನು ಪಕ್ಷಪಾತಿಗಳೆನ್ನದಿರಲೆಂದು ಇದನ್ನೂ ಹೇಳುತ್ತೇವೆ. ಉಡುಪಿ ಮಂಗಳೂರುಗಳ ಕಡೆಯಲ್ಲಿ ಮೆಲಿಯಾಯ್ಡೋಸಿಸ್ ಎಂಬ ಇನ್ನೊಂದು ಕ್ರಿಮಿರೋಗವು ಮಳೆಗಾಲದಲ್ಲಿ ಕಾಣುವುದು. ಅದರ ಕ್ರಿಮಿ ಗದ್ದೆಯ ಕೆಸರಿನಲ್ಲಿಯೇ ಇರುವುದು. ಸಕ್ಕರೆಯ ಕಾಯಿಲೆಯಿರುವವರನ್ನು ಹೆಚ್ಚಾಗಿ ಹಿಡಿಯುವುದು. ಶ್ವಾಸಕೋಶಕ್ಕೂ ಕೀಲುಗಳಿಗೂ ಕೀವು ತುಂಬಿಸುವುದು. ಇದು ಕಂದು ರೋಗದಷ್ಟು ಸಾಧುವಲ್ಲ, ಪ್ರಾಣಕ್ಕೇ ಬರುವುದು. ಅಲ್ಲಿ ಕೇಳಬೇಕಾದ ಪ್ರಶ್ನೆ ಕೊಟ್ಟಿಗೆಯದಲ್ಲ, ಕೆಸರಿನದು. ಅದರ ವಿಚಾರಕ್ಕೆ ಬೇರೆಯೇ ಒಂದು ಲೇಖನ ಬೇಕಾಗುವುದು.

ಮನುಷ್ಯನಿಗೆ ಔಷಧ ಕೊಟ್ಟು ಆಕಳನ್ನು ಮರೆತರೆ ಕೆಲಸ ಅರ್ಧವಾದಂತೆ. ಕಂದು ಹಾಕಿದ ಆಕಳು ಮುಂದಿನ ಸಲ ನೆಟ್ಟಗೆ ಕರು ಹಾಕಬಹುದು, ನೋಡಲು ಆರೋಗ್ಯವಾಗಿಯೂ ಇರಬಹುದು. ಆದರೂ ಈಯುವಾಗಲೆಲ್ಲ ಕ್ರಿಮಿಯನ್ನು ಚೆಲ್ಲುವುದು, ಹಾಲಿನಲ್ಲಿಯೂ ಬಿಡುವುದು. ದನಗಳಿಗೆ ಇದರ ಔಷಧೋಪಚಾರವನ್ನು ಪಶುವೈದ್ಯರು ಸಾಮಾನ್ಯವಾಗಿ ಮಾಡುವುದಿಲ್ಲ, ಗುಣವಾಗುವ ಭರವಸೆಯಿಲ್ಲ. ಕೆಲವು ದೇಶಗಳು ಸೋಂಕಿದ ದನಗಳನ್ನು ಹುಡುಕಿ ಕೊಂದು ರೋಗವನ್ನು ಅಳಿಸಿದುವು. ನಮ್ಮಲ್ಲಿ ಆ ದಾರಿ ಒಪ್ಪಿಗೆಯಾಗುವುದಲ್ಲ. ನಮಗೆ ಉಳಿದಿರುವ ದಾರಿ ಲಸಿಕೆ. ನಾಲ್ಕರಿಂದ ಎಂಟು ತಿಂಗಳೊಳಗಿನ ಹೆಣ್ಣುಕರುಗಳಿಗೆ ಜೀವಮಾನದಲ್ಲಿ ಒಂದೇ ಸಲ ಇದನ್ನು ಹಾಕುವರು. ಕಾಲುಬಾಯಿ ಜ್ವರಕ್ಕೂ ಕಂದು ರೋಗಕ್ಕೂ ಸೇರಿಸಿ ಕೇಂದ್ರ ಸರ್ಕಾರವು ೨೦೧೯ರ ಸೆಪ್ಟೆಂಬರಿನಲ್ಲಿ ಮಥುರೆಯಲ್ಲಿ ಆರಂಭಿಸಿದ ಯೋಜನೆಯ ಒಂದು ಅಂಗ ಇದು. ಲಸಿಕೆಯು ಜೀವಂತ ಕ್ರಿಮಿಯಿಂದಲೇ ಆದುದು. ಆದುದರಿಂದ ಅದನ್ನು ಪಶುವೈದ್ಯರ ಕೈಯಿಂದಲೇ ಹಾಕಿಸಬೇಕು, ಕರುವನ್ನು ಹಿಡಿದುಕೊಳ್ಳುವವನೂ ಸೂಜಿಯಿಂದ ದೂರ ಇರಬೇಕು. ಗಬ್ಬದ ಆಕಳಿಗೂ ಗಂಡುಕರುವಿಗೂ ಇದು ಸಲ್ಲದು.

ಕಂದು ಹಾಕಿದ ದಿನ ಏನು ಮಾಡಬೇಕೆಂಬುದನ್ನು ಪಶುವೈದ್ಯರು ಹೀಗೆ ಹೇಳುವರು. ಆ ದನವನ್ನು ಉಳಿದುವುಗಳಿಂದ ಬೇರೆ ಕಟ್ಟಬೇಕು. ಮಾಸನ್ನಾಗಲಿ ಸತ್ತ ಕರುವನ್ನಾಗಲಿ ತಿಪ್ಪೆಗೆ ಎಸೆಯಕೂಡದು, ಹೊಳೆಗೆ ಬಿಡಕೂಡದು, ನಾಯಿಗಳಿಗೆ ಸಿಕ್ಕುವಂತೆ ಇಡಕೂಡದು. ಆಳವಾದ ಗುಂಡಿ ತೋಡಿ ಮೇಲೆ ಸುಣ್ಣ ಸುರಿದು ಮುಚ್ಚಬೇಕು. ಕೈಗೆ ಉದ್ದವಾದ ರಬ್ಬರಿನ ಚೀಲಗಳನ್ನು ತೊಟ್ಟು, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಕಸ ಬೀಳದಿದ್ದರೆ ತಾನೇ ಕೈಹಾಕದೆ ಪಶುವೈದ್ಯರನ್ನು ಕರೆಯಿಸಬೇಕು. ಮನೆಯಲ್ಲಿ ಬಸುರಿಯಿದ್ದರೆ ಅವಳನ್ನು ಆ ದಿನಗಳಲ್ಲಿ ಕೊಟ್ಟಿಗೆಯತ್ತ ಕಳುಹಿಸಲೇಬಾರದು. ಈ ಸೋಂಕಿನಿಂದ ಹೆಂಗಸರಿಗೂ ಗರ್ಭಪಾತವಾಗುವುದುಂಟು. ಪಶು ಆಸ್ಪತ್ರೆಗೆ ತಿಳಿಸಿದರೆ ದನದ ರಕ್ತವನ್ನೂ ಹಾಲನ್ನೂ ಪರೀಕ್ಷೆಗೆ ಕಳುಹಿಸುವರು. ಬೆಂಗಳೂರಿನಲ್ಲಿ ಪಶುರೋಗಗಳ ಹರಡುವಿಕೆಯನ್ನೇ ಅಭ್ಯಾಸ ಮಾಡುವ ರಾಷ್ಟ್ರೀಯ ಸಂಸ್ಥೆಯೊಂದು ಇದರ ಮೇಲೆ ಕೆಲಸ ಮಾಡುತ್ತಿದೆ.

ಇಲ್ಲಿ ನಮ್ಮ ಒಕ್ಕಲಿಗನ ಮುಂದೆ ಒಂದು ಕಠಿಣವಾದ ಪ್ರಶ್ನೆ ನಿಲ್ಲುವುದು. ಕಂದು ಹಾಕಿದ ಆಕಳನ್ನು ಏನು ಮಾಡಬೇಕು? ಸಂತೆಗೆ ಹೊಡೆದುಕೊಂಡು ಹೋಗಿ, ಏನೂ ಹೇಳದೆ ಮಾರಿಬಿಡುವುದು ಎಲ್ಲಕ್ಕಿಂತ ಸುಲಭ. ನಮ್ಮ ಸೀಮೆಗಳಲ್ಲಿ ರೋಗವು ಊರಿಂದ ಊರಿಗೆ ನಡೆಯುವ ದಾರಿಯೂ ಅದೇ. ಕೊಂಡವನ ಮನೆಯಲ್ಲಿಯೂ ಒಬ್ಬ ಮಗನಿರುವನು, ಕೊಟ್ಟಿಗೆ ಗುಡಿಸುವ ಒಬ್ಬ ಸೊಸೆಯಿರುವಳು. ಆಕಳಿಗೆ ಕೊಟ್ಟ ಹಣವನ್ನು ಬಿಟ್ಟುಬಿಡಲು ಬಡವನಿಗೆ ಹೇಳುವುದು ನಮಗೂ ಸುಲಭವಲ್ಲ. ಇಟ್ಟುಕೊಳ್ಳುವುದಾದರೆ ಬೇರೆ ಕಟ್ಟಿ, ಹಾಲನ್ನು ಕಾಯಿಸಿ ಬಳಸಿ, ಮುಂದೆ ಈಯುವಾಗ ಪಶುವೈದ್ಯರನ್ನು ಕರೆಯಿಸಿಕೊಂಡು ಕಾಪಾಡಬಹುದು. ಅದರ ಹಾಲನ್ನು ವರ್ತನೆಗೆ ಕೊಳ್ಳುತ್ತಿದ್ದ ಎರಡು ಮನೆಗಳಿಗೆ ಹೋಗಿ “ಹಾಲು ಕಾಯಿಸದೆ ಮಕ್ಕಳಿಗೆ ಕೊಡಬ್ಯಾಡ್ರಮ್ಮಾ, ನಿಮ್ಮನೇಲಿ ಯಾರಿಗಾದ್ರೂ ಸಂಜೆ ಜ್ವರ ಬರ್ತಿದ್ರೆ ರಕ್ತ ತೋರಿಸಿ” ಎಂದು ಹೇಳುವುದಕ್ಕೆ ಖರ್ಚಿಲ್ಲ. ಸ್ವಲ್ಪ ಧೈರ್ಯ ಬೇಕು.

ಅವನ ಮನೆಯವರೆಲ್ಲರ ರಕ್ತವನ್ನೂ ಡಾಕ್ಟರರು ತರಿಸಿ ನೋಡಿದರು. ಒಬ್ಬನಿಗೆ ರೋಗ ಕಂಡ ಮನೆಯಲ್ಲಿ ಹೀಗೆ ಮಾಡುವುದು ಒಳ್ಳೆಯ ಪದ್ಧತಿ. ಅದೇ ಹಾಲು, ಅದೇ ಕೊಟ್ಟಿಗೆ ಎಲ್ಲರದೂ ಅಲ್ಲವೆ? ಕೆಲಸ ತಪ್ಪಿಸುವನೆಂದು ಮಗನ ಮೇಲೆ ಗೊಣಗಿದ ತಾಯಿಯು ತನಗೂ ಮಳೆಗಾಲದಿಂದ ಸೊಂಟ ಹಿಡಿದಿರುವುದನ್ನು ಯಾರಿಗೂ ಹೇಳಿರಲಿಲ್ಲ. ವಯಸ್ಸಿನ ನೋವೆಂದು ಆಕೆ ತಿಳಿದಿದ್ದಳು. ಈಗ ಗೋಡೆಯ ಮೇಲೆ ಎರಡನೆಯ ಸಾಲು ಗುರುತುಗಳು ಮೊದಲಾಗಿವೆ.